ಹೆಡ್ಸ್-ಅಪ್ ಟೇಬಲ್‌ನಲ್ಲಿ ಕಾಯುವ ರೀತಿ-ನೀತಿ ಏನು?

ಲೀಡ್ಸ್_ಕನ್ನಡಿಗ
ನಮಸ್ಕಾರ. ಇಲ್ಲಿ ಇಂಗ್ಲೆಂಡಿನಲ್ಲಿ ಆರು ಜನರ ಟೇಬಲ್ ಬಿಟ್ಟು ಹೆಡ್ಸ್-ಅಪ್, ಅಂದರೆ ಇಬ್ಬರೇ ಆಡುವ ಆನ್‌ಲೈನ್ ಪೋಕರ್ (ಹೋಲ್ಡೆಮ್) ಶುರು ಮಾಡುವವನಿದ್ದೇನೆ, ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಕಟ್ಟಬೇಕಾದ ಹಣ, ಒಬ್ಬರು ಸ್ಮಾಲ್, ಇನ್ನೊಬ್ಬರು ಬಿಗ್) 0.50/1 ಡಾಲರ್. ಲಾಬಿ (ಸೈಟ್‌ನ ಟೇಬಲ್‌ಗಳ ಪಟ್ಟಿ) ತೆರೆದರೆ ಸಾಲಾಗಿ ಒಬ್ಬೊಬ್ಬರೇ ಕೂತಿರುತ್ತಾರೆ. ಎದುರು ಹೋಗಿ ಕೂತರೆ ಕೆಲವರು ತಕ್ಷಣ ಸಿಟ್ ಔಟ್ (ಸದ್ಯಕ್ಕೆ ಆಡಲ್ಲ) ಒತ್ತುತ್ತಾರೆ. ಅವರ ಎದುರು ಕೂರುವುದೋ, ಖಾಲಿ ಟೇಬಲ್ ಹಿಡಿದು ಕಾಯುವುದೋ? ಒಂದೆರಡು ಹ್ಯಾಂಡ್ (ಒಮ್ಮೆ ಎಲೆ ಹಂಚಿ ಆಡುವ ಆಟ) ಆಡಿ ಎದ್ದರೆ ತಪ್ಪಾ? ಗೆದ್ದ ಮೇಲೆ ಎಷ್ಟು ಹೊತ್ತು ಇರಬೇಕು?

ಚಿಪ್_ಲೆಕ್ಕ
ಕಾಯುತ್ತಿರುವವರ ಎದುರೇ ಕೂರಿ. ಟೇಬಲ್‌ನಲ್ಲಿ ಕೂತಿದ್ದಾರೆ ಅಂದರೆ ಯಾರು ಬಂದರೂ ಆಡುತ್ತೇನೆ ಅಂತಲೇ ಅರ್ಥ. ಅವರನ್ನು ಬಿಟ್ಟು ಪಕ್ಕದಲ್ಲಿ ಅದೇ ಬ್ಲೈಂಡ್‌ಗೆ ಇನ್ನೊಂದು ಟೇಬಲ್ ಹಿಡಿಯುವುದರಿಂದಲೇ ಲಾಬಿ ಕೆಡುವುದು: ಹತ್ತು ಟೇಬಲ್, ಹತ್ತು ಜನ, ಒಂದು ಎಲೆಯೂ ಹಂಚಿಕೆಯಾಗುವುದಿಲ್ಲ. ಸಮಬಲದವರು ಬಂದರೆ ಸಿಟ್ ಔಟ್, ಹೊಸಬರು ಬಂದರೆ ಮಾತ್ರ ಆಟ. ಇದಕ್ಕೇ ಬಮ್‌ಹಂಟಿಂಗ್ ಅನ್ನುವುದು. ಈ ಚಾಳಿಯಿಂದ ಬೇಸತ್ತೇ ಫುಲ್ ಟಿಲ್ಟ್ ಅನ್ನುವ ಪೋಕರ್ ಸೈಟ್ 2015ರಲ್ಲಿ ಹೆಡ್ಸ್-ಅಪ್ ಕ್ಯಾಶ್ ಟೇಬಲ್‌ಗಳನ್ನೇ ಕಿತ್ತುಹಾಕಿತು.

ಕಾಯುವಾಗ 100 ಬಿಗ್ ಬ್ಲೈಂಡ್, ಅಂದರೆ ನಿಮ್ಮ ಲೆಕ್ಕಕ್ಕೆ 100 ಡಾಲರ್ ಪೂರ್ತಿ ಇಟ್ಟು ಕೂರಿ. ಆಟೋ ರೀಲೋಡ್ (ಚಿಪ್ ಕಡಿಮೆಯಾದರೆ ತಾನಾಗಿ ತುಂಬುವುದು) ಆನ್ ಇರಲಿ. ಎಲ್ಲವೂ ಒಟ್ಟಿಗೆ ಭರ್ತಿಯಾದರೆ ಎಷ್ಟು ಟೇಬಲ್ ನಿಭಾಯಿಸಬಲ್ಲಿರೋ ಅಷ್ಟರಲ್ಲೇ ಕೂರಿ, ಶುರುವಿಗೆ ಎರಡು ಸಾಕು. ಇಬ್ಬರೇ ಇರುವುದರಿಂದ ಸರದಿ ಬಿಡುವಿಲ್ಲದೆ ಬರುತ್ತದೆ. ನಾಲ್ಕು ತೆರೆದರೆ ಟೈಮ್ ಬ್ಯಾಂಕ್ (ಯೋಚಿಸಲು ಸಿಗುವ ಹೆಚ್ಚುವರಿ ಸಮಯ) ಖಾಲಿಯಾಗಿ ಒಳ್ಳೆಯ ಎಲೆ ಕೂಡ ತಾನಾಗಿ ಫೋಲ್ಡ್ ಆಗುತ್ತದೆ, ಅಂದರೆ ಕೈಬಿಟ್ಟಂತೆ.

ಬಟನ್_ಬಿಟ್ಟವನಲ್ಲ
ಎರಡನೇ ಪ್ರಶ್ನೆಗೆ ಉತ್ತರ ಬಟನ್‌ನಲ್ಲಿದೆ, ಅಂದರೆ ಪ್ರತಿ ಹ್ಯಾಂಡ್‌ಗೂ ಇಬ್ಬರ ನಡುವೆ ಬದಲಾಗುವ ಡೀಲರ್ ಗುರುತಿನಲ್ಲಿ. ಹೆಡ್ಸ್-ಅಪ್‌ನಲ್ಲಿ ಬಟನ್ ಇದ್ದವರೇ ಸ್ಮಾಲ್ ಬ್ಲೈಂಡ್. ಫ್ಲಾಪ್‌ಗೆ (ಮೊದಲ ಮೂರು ತೆರೆದ ಎಲೆ) ಮುಂಚೆ ಮೊದಲು ಅವರ ಸರದಿ, ಆಮೇಲೆ ಪ್ರತಿ ಸುತ್ತಿನಲ್ಲೂ ಕೊನೆಗೆ. ಹಾಕುವುದು ಅರ್ಧ, ಎದುರಾಳಿಯ ಆಟ ನೋಡಿ ತಾನು ಆಡುವ ಅನುಕೂಲ ಬೇರೆ. ಈಗ ನೋಡಿ: ಮೊದಲ ಹ್ಯಾಂಡ್‌ನಲ್ಲೇ ನಿಮಗೆ ಬಟನ್ ಬಂತು, 2.50ಕ್ಕೆ ರೈಸ್ ಮಾಡಿದಿರಿ (ಪಣ ಏರಿಸಿದಿರಿ), ಎದುರಾಳಿ ಫೋಲ್ಡ್, ಅವರ 1 ಡಾಲರ್ ನಿಮ್ಮದು. ಮುಂದಿನ ಬಿಗ್ ಬ್ಲೈಂಡ್ ನೀವು ಹಾಕಬೇಕು. ಹಾಕದೆ ಎದ್ದರೆ ಅದು ಶುದ್ಧ ಬಟನ್ ಕಳ್ಳತನ. ಹಾಗಾಗಿ ಹ್ಯಾಂಡ್‌ಗಳ ಸಂಖ್ಯೆ ಯಾವಾಗಲೂ ಸಮ ಇರಲಿ: ಬಟನ್‌ನಲ್ಲಿ ಶುರುವಾದರೆ ಬಿಗ್ ಬ್ಲೈಂಡ್ ಆಡಿ ಏಳಿ, ಬಿಗ್ ಬ್ಲೈಂಡ್‌ನಲ್ಲಿ ಶುರುವಾದರೆ ಬಟನ್ ಆಡಿ ಏಳಿ. ಏಳುವ ಮುಂಚೆ ಚಾಟ್‌ನಲ್ಲಿ "ಇನ್ನೆರಡು ಹ್ಯಾಂಡ್" ಅಂತ ಹಾಕಿ.

ಒಂದು ಎಚ್ಚರಿಕೆ. 'ಮುಂದಿನ ಬಿಗ್ ಬ್ಲೈಂಡ್‌ಗೆ ಸಿಟ್ ಔಟ್' ಅನ್ನುವ ಟಿಕ್ ಆರು ಜನರ ಟೇಬಲ್‌ನಲ್ಲಿ ಸಭ್ಯವೇ. ಇಲ್ಲಿ ಅದು ನಿಮ್ಮನ್ನು ಬಟನ್ ಆದ ಕೂಡಲೇ ಎಬ್ಬಿಸುತ್ತದೆ. ಬಟನ್‌ನಲ್ಲಿ ಶುರು ಮಾಡಿದ್ದರೆ ಅದನ್ನು ಮುಟ್ಟಬೇಡಿ.

ರಿಮ್ಯಾಚ್
ಗೆದ್ದ ಮೇಲೆ ಇಂತಿಷ್ಟು ಹೊತ್ತು ಇರಬೇಕು ಅಂತ ನಿಯಮ ಇಲ್ಲ. ಆದರೂ ಎದುರಾಳಿಯ ಪೂರ್ತಿ ಸ್ಟ್ಯಾಕ್ (ಮುಂದಿಟ್ಟ ಚಿಪ್ ಎಲ್ಲ) ಗೆದ್ದು, ಅವರು ಮತ್ತೆ 100 ತಂದರೆ, ಹತ್ತು ನಿಮಿಷವಾದರೂ ಕೊಡುವುದು ಮರ್ಯಾದೆ. 200 ಆದಾಗ ಎದ್ದು 100 ಇಟ್ಟು ಅವರ ಎದುರೇ ಬಂದು ಕೂರುವುದಂತೂ ಬೇಡವೇ ಬೇಡ. ಅದೇ ಟೇಬಲ್‌ಗೆ ಸ್ವಲ್ಪ ಹೊತ್ತಿನೊಳಗೆ ಮರಳಿದರೆ ಬಹಳ ಸೈಟ್‌ಗಳು ಎದ್ದಾಗಿನ ಮೊತ್ತವನ್ನೇ ತರಿಸುತ್ತವೆ.

"ನನ್ನ ಟೇಬಲ್‌ಗೆ ನೀನು ಬರಬೇಡ, ನಿನ್ನದಕ್ಕೆ ನಾನು ಬರಲ್ಲ" ಅನ್ನುವ ಗುಂಪುಗಳಿಗೆ ಸೇರಲೇಬೇಡಿ. ಅದು ಒಳಸಂಚು, ಖಾತೆಗೇ ಕುತ್ತು.

ಚಿಪ್_ಲೆಕ್ಕ
ಹತ್ತು ನಿಮಿಷದ ಮಾತು ನಾನು ಒಪ್ಪಲ್ಲ. ಸಮ ಹ್ಯಾಂಡ್ ಆಡಿದ ಮೇಲೆ ಯಾರೂ ಯಾರಿಗೂ ಬಾಕಿ ಇಲ್ಲ. ಸುಸ್ತಾಗಿ ಆಡುವುದಕ್ಕಿಂತ ಏಳುವುದೇ ಸರಿ.

ಊರಲ್ಲಿ ಓದುತ್ತಿರುವವರಿಗೆ: 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅಲ್ಲಿ ಇದೆಲ್ಲ ಬರೀ ಉಚಿತ ಚಿಪ್‌ಗಳ ಟೇಬಲ್‌ಗೆ.

ಲೀಡ್ಸ್_ಕನ್ನಡಿಗ
ಧನ್ಯವಾದ. ನಾನು ಕೂತ ತಕ್ಷಣ ಎದುರಿನವರು ಸಿಟ್ ಔಟ್ ಆದರೆ?

ಬಟನ್_ಬಿಟ್ಟವನಲ್ಲ
"ಆಡ್ತೀರಾ?" ಅಂತ ಒಮ್ಮೆ ಕೇಳಿ, ಒಂದು ನಿಮಿಷ ನೋಡಿ. ಕೆಲವೊಮ್ಮೆ ನೆಟ್ ಹೋಗಿರುತ್ತದೆ. ಉತ್ತರ ಬರದಿದ್ದರೆ ಜಗಳ ಬೇಡ, ಹೆಸರಿಗೆ ನೋಟ್ ಹಾಕಿಕೊಂಡು ಮುಂದಿನ ಟೇಬಲ್‌ಗೆ ಹೋಗಿ.