ಹಾಫ್ ಆಡುವ ಹುಡುಗನ ಗೋಲು ಹೇಗೆ ಲೆಕ್ಕ ಹಾಕೋದು? ಅನುಭವ ಇದ್ದವರು ಹೇಳಿ

ಬೆಟಗೇರಿ ಅಪ್ಪ: ಮಗ ಹಾಕಿಯಲ್ಲಿ ರೈಟ್ ಹಾಫ್, ಅಂದರೆ ಬಲಗಡೆ ಡಿಫೆಂಡರ್ ಮತ್ತು ಫಾರ್ವರ್ಡ್ ನಡುವೆ ಆಡುವವನು. ಈ ಸೀಸನ್‌ನಲ್ಲಿ ಒಂದೇ ಗೋಲು. ಅದೇ ಟೀಮಿನ ಸೆಂಟರ್ ಫಾರ್ವರ್ಡ್ ಹುಡುಗನ ಹೆಸರು ಎಲ್ಲರ ಬಾಯಲ್ಲಿದೆ. ಜಿಲ್ಲಾ ಆಯ್ಕೆಗೆ ಮೊದಲು ಇವನನ್ನೂ ಫಾರ್ವರ್ಡ್ ಮಾಡಿಸಬೇಕಾ?

ಹಳೇ ಫುಲ್‌ಬ್ಯಾಕ್, ಹುಬ್ಬಳ್ಳಿ: ನಾನು ಡಿಫೆಂಡರ್. ಆದರೂ ಟೀಮಿನಲ್ಲಿ ಜಾಸ್ತಿ ಗೋಲು ನನ್ನವೇ, ಎಲ್ಲಾ ಪೆನಾಲ್ಟಿ ಕಾರ್ನರ್‌ನಲ್ಲಿ (ಎದುರಾಳಿ ತನ್ನ ಗೋಲಿನ ಹತ್ತಿರ ತಪ್ಪು ಮಾಡಿದರೆ ಸಿಗುವ ಅವಕಾಶ). ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್ ಕಲಿತು ಸೊಂಟ ಹಿಡಿಯಿತು. ಅದಕ್ಕೆ ಬೇಕಾದ, ಬಾಗು ಕೆಳಗಿರುವ ಲೋ ಬೋ ಸ್ಟಿಕ್ಕಿಗೆ 9,000 ರೂಪಾಯಿ. ಅದು ಸೀಳಿತು, ಇನ್ನೊಂದಕ್ಕೆ 11,500. ಫಿಸಿಯೋ ಖರ್ಚು ಬೇರೆ. ಕೊನೆಗೆ ಬೆಸ್ಟ್ ಸ್ಕೋರರ್ ಕಪ್ ಯಾರಿಗೆ? ಫಾರ್ವರ್ಡ್‌ಗೆ! 'ನಿಮ್ಮವು ಕಾರ್ನರ್ ಗೋಲು' ಅಂದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಹರ್ಮನ್‌ಪ್ರೀತ್ ಸಿಂಗ್ 10 ಗೋಲು ಹೊಡೆದರು. ಅವರೂ ಡಿಫೆಂಡರೇ. ಕಂಚಿನ ಪಂದ್ಯದಲ್ಲಿ ಸ್ಪೇನ್ ಮೇಲೆ 2-1, ಎರಡೂ ಅವರವೇ, ಎರಡೂ ಕಾರ್ನರ್. ಆ ಪದಕ ವಾಪಸ್ ಕೊಡೋಣವಾ?

ಗದಗ ಇನ್‌ಸೈಡ್ ಲೆಫ್ಟ್: ಅಣ್ಣಾ, ಆ ಕಾರ್ನರ್ ಗಳಿಸಿಕೊಟ್ಟವರು ಯಾರು? ಡಿ (ಗೋಲಿನ ಮುಂದಿನ ಅರೆವೃತ್ತ) ಒಳಗೆ ನುಗ್ಗಿ ಎದುರಾಳಿ ಕಾಲಿಗೆ ಚೆಂಡು ತಾಗಿಸಿದವನು ನನ್ನಂಥ ಫಾರ್ವರ್ಡ್. ಕಾರ್ನರ್‌ನಲ್ಲಿ ಚೆಂಡನ್ನು ಲೈನಿನಿಂದ ತಳ್ಳಿದವನು ಒಬ್ಬ, ನಿಲ್ಲಿಸಿದವನು ಮತ್ತೊಬ್ಬ. ಬಿತ್ತಿದವರು ಯಾರೋ, ರಾಶಿ ಮಾತ್ರ ನಿಮ್ಮ ಕಣದಲ್ಲಿ. ಗರಸು ನೆಲದಲ್ಲಿ ಬಿದ್ದು ನನ್ನ ಮುಂದಿನ ಹಲ್ಲು ಹೋಯಿತು. ರೂಟ್ ಕೆನಾಲ್, ಕ್ಯಾಪ್, ಎಲ್ಲಾ ಸೇರಿ 14,000. ಸ್ಕೋರ್ ಶೀಟಿನಲ್ಲಿ ನನ್ನ ಹೆಸರೇ ಇಲ್ಲ. ನಮ್ಮ ಕೊಡಗಿನ ಎಸ್.ವಿ. ಸುನಿಲ್ ಭಾರತದ ಪರ ಫಾರ್ವರ್ಡ್ ಆಗಿ 264 ಪಂದ್ಯ ಆಡಿ 72 ಗೋಲು ಹೊಡೆದರು. ಅಂಕಿ ಅಷ್ಟೇ ನೋಡಿದವರು ಕಮ್ಮಿ ಅಂದಾರು. ಅಂಚಿನಲ್ಲಿ ಅವರ ಓಟ ಕಂಡವರು ಹಾಗನ್ನಲ್ಲ.

ರಾಣೇಬೆನ್ನೂರ ಅಕ್ಕ: ನಾವು ಮಗಳನ್ನು ಹಾಫ್‌ನಿಂದ ಫಾರ್ವರ್ಡ್‌ಗೆ ಬದಲಾಯಿಸಿದೆವು. ನನಗೇನೂ ಬೇಜಾರಿಲ್ಲ. ಆದರೆ ಮೊದಲು ಪೂರ್ತಿ ಆಟ ಆಡುತ್ತಿದ್ದವಳು ಈಗ ಬೆಂಚಿನಿಂದ ಹೋಗಿ ಬರ್ತಾಳೆ. ಆಟದ ನಡುವೆ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದಲ್ಲ, ಕೋಚ್ ಫಾರ್ವರ್ಡ್‌ಗಳನ್ನು ತಿರುಗಿಸುತ್ತಲೇ ಇರ್ತಾರೆ. 60 ನಿಮಿಷದಲ್ಲಿ ಇವಳಿಗೆ 20 ಸಿಕ್ಕರೆ ಪುಣ್ಯ. ಅದಕ್ಕೇ ನಾನು ನೋಟ್‌ಬುಕ್ ಇಟ್ಟಿದ್ದೇನೆ: ಎಷ್ಟು ನಿಮಿಷ ಆಡಿದಳು, ಎಷ್ಟು ಸಲ ಡಿ ಒಳಗೆ ಚೆಂಡು ಸಿಕ್ಕಿತು, ಯಾರ ಪಾಸ್, ಸ್ಕೋರ್ ಆಗ ಎಷ್ಟಿತ್ತು. 6-0 ಆದಮೇಲೆ ಬಂದ ಗೋಲಿಗೆ ನಾನು ಬೇರೆ ಶಾಯಿ ಬಳಸ್ತೇನೆ.

ಹಳೇ ಫುಲ್‌ಬ್ಯಾಕ್: ಅಕ್ಕಾರೇ, ಆಡೋದು ನೋಟ್‌ಬುಕ್ ಅಲ್ಲ.

ರಾಣೇಬೆನ್ನೂರ ಅಕ್ಕ: ಕಪ್ ತಪ್ಪಿತು ಅಂತ ಇವತ್ತಿಗೂ ಅಳುತ್ತಿರುವವರು ನೀವು. ಆಗ ಯಾರಾದರೂ ಬರೆದಿಟ್ಟಿದ್ದರೆ ನಿಮಗೇ ಉಪಯೋಗ ಆಗ್ತಿತ್ತು.

ಬೆಟಗೇರಿ ಅಪ್ಪ: ರೈಟ್ ಹಾಫ್ ಬಗ್ಗೆ ಯಾರೂ ಹೇಳಲಿಲ್ಲ…

ಗದಗ ಇನ್‌ಸೈಡ್ ಲೆಫ್ಟ್: ಎದುರಿನ ಲೆಫ್ಟ್ ವಿಂಗರ್ ನಿಮ್ಮ ಮಗನನ್ನು ಎಷ್ಟು ಸಲ ದಾಟಿ ಹೋದ ಅಂತ ಎಣಿಸಿರಿ, ಮುಗೀತು. ಹಾಫ್‌ಗೆ ಗೋಲು ಬಂದರೆ ಅದು ಬೋನಸ್. ಹುಬ್ಬಳ್ಳಿ ಅಣ್ಣಾ, ನೀವು ಟರ್ಫ್ (ಕೃತಕ ಹುಲ್ಲು) ಮೇಲೆ ಫ್ಲಿಕ್ ಹೊಡೆದು ಮೆರೆದವರು. ಗರಸಿನಲ್ಲಿ ಚೆಂಡು ನಿಲ್ಲಿಸಿ ತೋರಿಸಿ ಮೊದಲು.

ಹಳೇ ಫುಲ್‌ಬ್ಯಾಕ್: ಯಾರು ಹೇಳಿದರು ಟರ್ಫ್ ಅಂತ? ನಾವೂ ಕಲ್ಲು ಆರಿಸಿಯೇ ಆಡಿದ್ದು. ಕಾರ್ನರ್‌ನಲ್ಲಿ ನನಗೆ ಚೆಂಡು ನಿಲ್ಲಿಸಿ ಕೊಡುತ್ತಿದ್ದ ಸ್ಟಾಪರ್ ಕೈ ಬೆರಳು ಇನ್ನೂ ಸೊಟ್ಟಗಿದೆ, ಕೇಳಿ ನೋಡಿ.

ಗದಗ ಇನ್‌ಸೈಡ್ ಲೆಫ್ಟ್: ನೋಡಿದಿರಾ? ಸ್ಟಾಪರ್ ಬೆರಳು ಅವನದು, ಗೋಲು ನಿಮ್ಮದು.

ಹಳೇ ಫುಲ್‌ಬ್ಯಾಕ್: ಅವನಿಗೆ ಪ್ರತಿ ಮ್ಯಾಚಿಗೂ ಮಿರ್ಚಿ ಭಜಿ ಕೊಡಿಸಿದ್ದೇನೆ ರೀ! ಆ ಲೆಕ್ಕ ಯಾವ ಶೀಟಿನಲ್ಲಿದೆ?

ರಾಣೇಬೆನ್ನೂರ ಅಕ್ಕ: 11,500ರ ಸ್ಟಿಕ್ ಇನ್ನೂ ಇದ್ದರೆ ಮಾರ್ತೀರಾ? 4,000 ಕೊಡ್ತೇನೆ.

ಹಳೇ ಫುಲ್‌ಬ್ಯಾಕ್: 7,000. ಗ್ರಿಪ್ ಹೊಸದು.