ಪದ ಬೇಕು: ‘ಜಸ್ಟಿಸ್ ಇನ್‌ವಾಲ್ವ್ಡ್ ಯೂತ್’ (ನಾಳೆ ಸಂಜೆಯೊಳಗೆ)

ರಾಯಚೂರಿನಿಂದ:

ಎಲ್ಲರಿಗೂ ನಮಸ್ಕಾರ. ಪೊಲೀಸ್ ಕೇಸಿನಲ್ಲಿ ಸಿಕ್ಕ ಮಕ್ಕಳು ಜೀವ ಕಳೆದುಕೊಳ್ಳದಂತೆ ನೋಡಿಕೊಳ್ಳಲು ಮನೆಯವರಿಗೆ ನೆರವಾಗುವ ಮೊಬೈಲ್ ಆ್ಯಪ್ ಒಂದರ ಕನ್ನಡ ಪಠ್ಯ ಸಿದ್ಧವಾಗುತ್ತಿದೆ. ಮೂಲ ಅಮೆರಿಕದ್ದು. ಅಲ್ಲಿನ ಸಹಾಯವಾಣಿ 988 ತೆಗೆದು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಮಕ್ಕಳ ಸಹಾಯವಾಣಿ 1098 ಹಾಕಿದ್ದಾಗಿದೆ. ತೊಡಕಿರುವುದು ಪದಗಳಲ್ಲಿ.

ತಲೆಬರಹದಲ್ಲಿ ಮೂಲದ ‘ಜಸ್ಟಿಸ್ ಇನ್‌ವಾಲ್ವ್ಡ್ ಯೂತ್’ಗೆ, ಅಂದರೆ ಕೇಸಿನಲ್ಲಿ ಸಿಕ್ಕ ಮಕ್ಕಳಿಗೆ, ‘ಬಾಲಾಪರಾಧಿ’ ಬೇಡ. ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಅಂದರೆ ಫೋನಿನ ಪರದೆಯಲ್ಲಿ ಎರಡು ಸಾಲು ಹೋಗುತ್ತದೆ, ಲಿಂಗಸುಗೂರು ಕಡೆಯ ತಾಯಿಗೆ ಓದಿ ಹೇಳಿದರೂ ತಿಳಿಯುವುದಿಲ್ಲ. ಮನಸ್ಸು ಕೆಟ್ಟಾಗ ಏನು ಮಾಡಬೇಕೆಂದು ಮೊದಲೇ ಬರೆದಿಡುವ ‘ಸೇಫ್ಟಿ ಪ್ಲಾನ್’ಗೆ ಸದ್ಯಕ್ಕೆ ‘ಸುರಕ್ಷತಾ ಯೋಜನೆ’ ಇದೆ. ‘ಕೀಟನಾಶಕ, ಔಷಧಿಗಳನ್ನು ಬೀಗ ಹಾಕಿಡಿ’ ಎಂಬ ಸಾಲೂ ಸರಿಯೋ ನೋಡಿ. ಕೇಸು ನಡೆಯುವಾಗ ಮಕ್ಕಳನ್ನು ಇರಿಸುವ ವೀಕ್ಷಣಾಲಯದಲ್ಲಿ ತಂದೆತಾಯಿ ಭೇಟಿಗೆ ಕೂರುವ ಕೋಣೆಗೆ ಇದೇ ಮಾತುಗಳ ಫಲಕ ನಾಳೆ ಸಂಜೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು.

ಬಳ್ಳಾರಿಯಿಂದ:

‘ಅಪರಾಧಿ’ ಇರುವ ಯಾವ ಸಮಾಸವೂ ಬೇಡ. 2015ರ ಬಾಲನ್ಯಾಯ ಕಾಯ್ದೆಯ 2(13)ನೇ ಕಲಮಿನಲ್ಲಿ ಬರೀ ಆರೋಪ ಹೊತ್ತ ಮಗುವೂ ಸೇರಿದೆ. 3ನೇ ಕಲಮಿನ ತತ್ವಗಳಲ್ಲಿ ಕಳಂಕ ಹಚ್ಚುವ ಮಾತು ಆಡಬಾರದು ಎನ್ನುವುದೇ ಒಂದು. ‘ಯೂತ್’ ಅಂತ ‘ಯುವಜನ’ ಎಂದು ಬರೆದರೂ ತಪ್ಪು, ಇಲ್ಲಿನ ಕಾಯ್ದೆಯ ಗೆರೆ 18 ವರ್ಷ. ‘ಪ್ರಕರಣ ಎದುರಿಸುತ್ತಿರುವ ಮಕ್ಕಳು’ ಸಾಕು.

ಇನ್ನೊಂದು ಮಾತು, ಆ್ಯಪಿನ ಹೆಸರಿನಲ್ಲಿ ಕೇಸಿನ ಸುಳಿವೇ ಇರಬಾರದು. ಒಂದು ಫೋನು ಮನೆಮಂದಿಯೆಲ್ಲ ಹಿಡಿಯುತ್ತಾರೆ. ಬೀಗ ತೆಗೆಯದ ಪರದೆಯ ಮೇಲೆ ‘ನಿಮ್ಮ ಮಗನ ಪ್ರಕರಣ’ ಎಂಬ ಸೂಚನೆ ಹೊಳೆದರೆ ಪಕ್ಕದ ಮನೆಯವರೂ ಓದುತ್ತಾರೆ. ಮಗುವಿನ ಗುರುತು ಬಯಲಾಗಬಾರದು ಎಂದು 74ನೇ ಕಲಮು ಇರುವುದೇ ಇದಕ್ಕೆ.

ಗಂಗಾವತಿಯಿಂದ:

ಪ್ರಕರಣ, ಸುರಕ್ಷತಾ, ಯೋಜನೆ, ಆತ್ಮಹತ್ಯೆ. ಇದರಲ್ಲಿ ಕನ್ನಡ ಯಾವುದು? ‘ಹತ್ಯೆ’ ಸಂಸ್ಕೃತದ ‘ಹನ್’ ಧಾತುವಿನದು, ಕೊಲ್ಲುವುದು ಎಂದೇ ಅರ್ಥ. ‘ಆತ್ಮಹತ್ಯೆ ಮಾಡಿಕೊಂಡ’ ಅಂದಕೂಡಲೇ ನೊಂದವನ ತಲೆಗೆ ಕೊಲೆಯ ಪಾಪ ಹೊರಿಸಿದಂತೆ. ನಮ್ಮಲ್ಲಿ ‘ಕಾ’ ಎಂಬ ಧಾತು ಇದೆ: ಕಾಯು, ಕಾವಲು, ಕಾಪು, ಕಾಪಾಡು. ‘ಸೇಫ್ಟಿ ಪ್ಲಾನ್’ಗೆ ‘ಕಾಪಿನೋಲೆ’ ಎನ್ನಿ, ಆ್ಯಪಿಗೂ ಅದೇ ಹೆಸರಿಡಿ. ಆತ್ಮಹತ್ಯೆಗೆ ‘ತನ್ನಳಿವು’.

ಸಿಂಧನೂರಿನಿಂದ:

ಕಾಪಿನೋಲೆ ಆಗದು ಸರ್. ಇಲ್ಲಿ ತೆಲುಗರು ನೆಲೆಸಿರುವ ಕ್ಯಾಂಪುಗಳಲ್ಲಿ ‘ಕಾಪು’ ಅಂದರೆ ಜಾತಿ. ತನ್ನಳಿವು ನಿಘಂಟಿಗೆ ಇರಲಿ.

‘ಔಷಧಿ’ ಸಾಲು ಮೊದಲು ತಿದ್ದಿ, ಅಪಾಯ ಇರುವುದು ಅಲ್ಲಿ. ಹತ್ತಿ, ಮೆಣಸಿನಕಾಯಿ, ನೆಲ್ಲು ಬೆಳೆಯುವ ಈ ಸೀಮೆಯಲ್ಲಿ ಬೆಳೆಗೆ ಹೊಡೆಯುವುದನ್ನು ‘ಎಣ್ಣಿ’ ಅನ್ನುತ್ತಾರೆ, ಕೆಲವರು ‘ಔಷಧ’ ಅನ್ನುತ್ತಾರೆ. ‘ಕೀಟನಾಶಕ’ ಡಬ್ಬಿಯ ಮೇಲಿನ ಮಾತು. ‘ಔಷಧಿ’ ಅಂತ ಬರೆದರೆ ಒಂದು ಮನೆಯವರು ಬಿಪಿ ಗುಳಿಗೆ ಮಾತ್ರ ಎತ್ತಿಡುತ್ತಾರೆ, ಇನ್ನೊಂದು ಮನೆಯವರು ಹೊಲದ ಡಬ್ಬಿ ಮಾತ್ರ. ಬರೀ ‘ಎಣ್ಣೆ’ ಅಂದರೆ ಅಡುಗೆ ಎಣ್ಣೆ, ಬೆಂಗಳೂರು ಕಡೆಯವರಿಗೆ ಸಾರಾಯಿ. ಅದಕ್ಕೆ ಎರಡು ಸಾಲು ಮಾಡಿ, ಎರಡಕ್ಕೂ ಚಿತ್ರ ಹಾಕಿ:

‘ಬೆಳೆಗೆ ಹೊಡೆಯುವ ಎಣ್ಣಿ ಮನೆಯಲ್ಲಿ ಇಡಬೇಡಿ. ಇಡಲೇಬೇಕಾದರೆ ಪೆಟ್ಟಿಗೆಗೆ ಬೀಗ ಹಾಕಿ.’
‘ದವಾಖಾನೆಯ ಗುಳಿಗೆ ಒಬ್ಬರ ಕೈಯಲ್ಲೇ ಇರಲಿ.’

ಬೀಗ ಹಾಕಿ ಕೀಲಿಕೈಯನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದರೆ ಹಾಕದಂತೆಯೇ. ಆದ್ದರಿಂದ ‘ಕೀಲಿಕೈ ದೊಡ್ಡವರೊಬ್ಬರ ಬಳಿ’ ಎಂಬುದೂ ಬೇಕು. ‘ಹೊಲದ ಗುಡಿಸಲನ್ನೂ ನೋಡಿ’ ಅಂತ ಸೇರಿಸಿ, ಮನೆ ಖಾಲಿ ಮಾಡಿದವರು ಅಲ್ಲಿಟ್ಟು ಮರೆಯುತ್ತಾರೆ.

ಗಂಗಾವತಿಯಿಂದ:

ಸರಕಾರಿ ಗೋಡೆಯ ಮೇಲೆ ‘ಎಣ್ಣಿ’! ಕೇಸು, ಫ್ಲೆಕ್ಸು, ದವಾಖಾನೆ ಆಯಿತು, ಈಗ ಆಡುಮಾತಿನ ತಪ್ಪು ಕಾಗುಣಿತವೂ ಬಂತು. ಎರವಲು ತರುವುದಕ್ಕೆ ಮಿತಿ ಬೇಡವೇ?

ಕೊಪ್ಪಳದಿಂದ:

‘ಎಣ್ಣೆ’ ಎರವಲೇ ಅಲ್ಲ ಸರ್. ಎಳ್ + ನೆಯ್, ಎಳ್ಳಿನ ನೆಯ್. ನೀವು ಕೇಳುವ ಅಚ್ಚಗನ್ನಡ ಅದರಲ್ಲೇ ಇದೆ. ಕೊನೆಯ ‘ಇ’ಕಾರ ನಮ್ಮ ಸೀಮೆಯದು, ತಪ್ಪಲ್ಲ.

ಇನ್ನು ಎರವಲು. ಕೊಪ್ಪಳ, ರಾಯಚೂರು 1956ರವರೆಗೆ ಹೈದರಾಬಾದಿಗೆ ಸೇರಿದ್ದವು, ಬಳ್ಳಾರಿ 1953ರವರೆಗೆ ಮದ್ರಾಸಿಗೆ. ವಕೀಲ, ಜಾಮೀನು, ತಾರೀಖು ಅರಬ್ಬಿಯಿಂದ ಬಂದವು ಅಂತ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕೋರ್ಟಿನ ಕಟ್ಟೆಯಲ್ಲಿ ಕೂತ ತಂದೆಗೆ ‘ನಾಳೆ ತಾರೀಖು ಐತಿ’ ಅಂದರೆ ಎಲ್ಲಿಗೆ, ಯಾಕೆ ಹೋಗಬೇಕೆಂದು ತಿಳಿಯುತ್ತದೆ. ‘ವಿಚಾರಣಾ ದಿನಾಂಕ’ ಅಂದರೆ ಮತ್ತೊಬ್ಬರನ್ನು ಕೇಳಬೇಕು. ಹಿಡಿದು ಒಯ್ದ ಮೊದಲ ದಿನಗಳು, ತಾರೀಖಿನ ಹಿಂದುಮುಂದು, ಬಿಡುಗಡೆಯಾಗಿ ಮನೆಗೆ ಬಂದ ಹೊಸದು, ಮೈಯೆಲ್ಲ ಕಣ್ಣಾಗಿ ಇರಬೇಕಾದ ಹೊತ್ತು ಇವು. ಆ್ಯಪ್ ನೆನಪಿಸಬೇಕಾದ್ದೂ ಆಗಲೇ. ಆ ಸೂಚನೆ ಒಂದೇ ಏಟಿಗೆ ತಿಳಿಯದಿದ್ದರೆ ಆ್ಯಪ್ ಇದ್ದೂ ಇಲ್ಲ.

‘ಸುರಕ್ಷತಾ ಯೋಜನೆ’ ತೆಗೆಯಿರಿ. ‘ಯೋಜನೆ’ ಅಂದರೆ ಜನ ಆಧಾರ್ ಕಾರ್ಡಿನ ಜೆರಾಕ್ಸ್ ತರುತ್ತಾರೆ, ಯಾವಾಗ ಹಣ ಬರುತ್ತದೆ ಅಂತ ಕೇಳುತ್ತಾರೆ. ಇದು ಹಾಳೆಯಲ್ಲಿ ಆರು ಭಾಗ ಬರೆದಿಡುವ ಚೀಟಿ: ಮನಸ್ಸು ಕೆಡುತ್ತಿರುವ ಸುಳಿವು, ಒಬ್ಬನೇ ಇದ್ದಾಗ ಮಾಡಬಹುದಾದ್ದು, ಮನಸ್ಸು ಬೇರೆಡೆ ಹೊರಳಿಸುವ ಜನ ಮತ್ತು ಜಾಗ, ನೆರವು ಕೇಳಬಹುದಾದ ಮನೆಯವರು, ಡಾಕ್ಟರ್ ಮತ್ತು ಸಹಾಯವಾಣಿ, ಕಡೆಗೆ ಮನೆಯಲ್ಲಿನ ಅಪಾಯದ ವಸ್ತು ದೂರ ಇಡುವುದು. ‘ಜೋಪಾನ ಚೀಟಿ’ ಎನ್ನಿ. ಮಗುವಿನ ಜೊತೆ ಕೂತು ಅದರ ಮಾತಿನಲ್ಲೇ ತುಂಬಬೇಕು. ‘ಭಾವೋದ್ವೇಗ ಉಂಟಾದಾಗ’ ಎಂದು ಅಧಿಕಾರಿ ಬರೆದದ್ದು ಅವನದಾಗುವುದಿಲ್ಲ, ‘ಅಪ್ಪ ಬೈದು ನಾನು ಊಟ ಬಿಟ್ಟಾಗ’ ಎಂದು ಅವನೇ ಹೇಳಿದ್ದು ಆಗುತ್ತದೆ.

ಬಳ್ಳಾರಿಯಿಂದ:

ಜೋಪಾನ ಚೀಟಿಗೆ ನನ್ನ ಒಪ್ಪಿಗೆ. ‘ಆತ್ಮಹತ್ಯೆ’ ಫಲಕದಲ್ಲಿ ಇರಲಿ, ಎಲ್ಲರಿಗೂ ಗೊತ್ತಿರುವ ಪದ. ‘ಆತ್ಮಹತ್ಯೆಗೆ ಯತ್ನಿಸಿದ ಆರೋಪಿ’ ಎಂಬ ವರದಿಗಾರರ ಮಾತು ಮಾತ್ರ ನುಸುಳಬಾರದು. ಮನೆಯವರು ಬಾಯಿ ಬಿಡದಿರುವುದಕ್ಕೆ ಇನ್ನೊಂದು ಕೇಸು ಬೀಳುತ್ತದೆಂಬ ಹೆದರಿಕೆಯೂ ಕಾರಣ. ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಕೊಡಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು.

ಮುಖ್ಯ ಸಾಲು ಯಾರೂ ಕೇಳಿಲ್ಲ: ತಾಯಿ ಮಗನನ್ನು ಕೇಳುವ ಪ್ರಶ್ನೆ. ಮೂಲದಲ್ಲಿ ನೇರವಾಗಿರುತ್ತದೆ. ಕನ್ನಡಕ್ಕೆ ತರುವಾಗ ‘ಅಂಥಾ ವಿಚಾರ ಏನೂ ಇಲ್ಲ ತಾನೆ?’ ಎಂದು ಮೆತ್ತಗೆ ಮಾಡುತ್ತಾರೆ. ‘ತಾನೆ’ ಬಂದರೆ ‘ಇಲ್ಲ’ ಎಂಬ ಉತ್ತರವನ್ನು ನಾವೇ ಬಾಯಿಗಿಟ್ಟಂತೆ. ‘ಏನಾರ ಮಾಡ್ಕೊಂಡಿ ಮತ್ತ!’ ಅಂದರೆ ಗದರಿಸಿದಂತೆ. ಹೀಗೆ ಇರಲಿ: ‘ಸತ್ತು ಹೋಗ್ಬೇಕು ಅಂತ ಅನಸಾಕತ್ತೈತೇನಪಾ?’ ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ‘ಹೌದು’ ಅಂದರೆ ಒಂಟಿಯಾಗಿ ಬಿಡಬೇಡಿ, 14416ಕ್ಕೆ ಪಕ್ಕದಲ್ಲೇ ಕೂತು ಫೋನು ಮಾಡಿ, ಕೈಮೀರುತ್ತಿದ್ದರೆ ತುರ್ತು ಸಂಖ್ಯೆ 112. ಈ ಮೂರೂ ಪ್ರಶ್ನೆಯ ಕೆಳಗೇ ಇರಬೇಕು, ಬೇರೆ ಪುಟದಲ್ಲಿ ಅಲ್ಲ.

ಗಂಗಾವತಿಯಿಂದ:

ಪ್ರಶ್ನೆ ಒಳ್ಳೆಯದಿದೆ, ಒಪ್ಪಿದೆ. ‘ಜೋಪಾನ’ದ ಮೂಲ ನೋಡಿದ್ದೀರಾ? ಮರಾಠಿಯಲ್ಲಿ ‘ಜೋಪಾಸನಾ’ ಇದೆ.

ಸಿಂಧನೂರಿನಿಂದ:

ಇರಲಿ. ‘ಜೋಪಾನ ಮಾಡವ್ವ’ ಎಂದು ಇಲ್ಲಿ ಎಲ್ಲರೂ ಅನ್ನುತ್ತಾರೆ.

ರಾಯಚೂರಿನಿಂದ:

ಎಲ್ಲರಿಗೂ ಶರಣು. ಆ್ಯಪಿನ ಹೆಸರು ‘ಜೋಪಾನ’ ಅಷ್ಟೇ, ಐಕಾನಿನ ಕೆಳಗೆ ಪೂರ್ತಿ ಕಾಣುತ್ತದೆ. ಒಳಗೆ ‘ಕೇಸಿನಲ್ಲಿ ಸಿಕ್ಕ ಮಕ್ಕಳು’, ಕಚೇರಿಗೆ ಹೋಗುವ ಪತ್ರದಲ್ಲಿ ‘ಪ್ರಕರಣ ಎದುರಿಸುತ್ತಿರುವ ಮಕ್ಕಳು’. ತಾರೀಖು, ಎಣ್ಣಿ, ಕೀಲಿಕೈ, ಗುಡಿಸಲು ಫಲಕಕ್ಕೆ ಹೋಗುತ್ತವೆ. ಪ್ರಶ್ನೆಯ ಸಾಲು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ.

ಒಂದು ಉಳಿಯಿತು. ‘ಅನಸಾಕತ್ತೈತೇನಪಾ’ ಗಂಡುಮಗನಿಗೆ ಸರಿ. ಕೇಸಿನಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಪಕ್ಕದಲ್ಲಿ ‘ಅನಸಾಕತ್ತೈತೇನವಾ’ ಎಂದೂ ಹಾಕುತ್ತಿದ್ದೇವೆ. ಕಾಗುಣಿತ ‘ವಾ’ನೋ ‘ವ್ವಾ’ನೋ, ನಾಳೆ ಮಧ್ಯಾಹ್ನದೊಳಗೆ ಹೇಳಿ.