ಸಾರಿಗೆ ನಿಯಮದ ಕರಡಿಗೆ ನಾವು ಬರೆದ ಆಕ್ಷೇಪಣೆ ಎಲ್ಲಿಗೆ ಹೋಗುತ್ತದೆ? ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಗುಂಪಿನ ಸದಸ್ಯರು): ಮೇಡಂ, ನನ್ನ ಮಗಳಿಗೆ ಮೂರು ವರ್ಷ. ದಿನಾ ಸ್ಕೂಟರ್‌ನಲ್ಲೇ ಶಾಲೆಗೆ ಬಿಡೋದು. ಇಷ್ಟು ಚಿಕ್ಕ ಮಕ್ಕಳಿಗೆ ಸೇಫ್ಟಿ ಬೆಲ್ಟು, ಹೆಲ್ಮೆಟ್ಟು ಕಡ್ಡಾಯ, ಗಾಡಿ 40 ಕಿ.ಮೀ. ವೇಗ ದಾಟಬಾರದು ಅಂತ ಪಕ್ಕದ ಮನೆಯವರು ಹೇಳಿದ ಮೇಲೆ ನನಗೆ ಗೊತ್ತಾಗಿದ್ದು. ನಿಯಮ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಆ ಬೆಲ್ಟು ನಮ್ಮೂರಿನ ಅಂಗಡಿಗಳಲ್ಲಿ ಸಿಗಲ್ಲ, ಮಗುವಿನ ತಲೆಗೆ ಸರಿಹೊಂದೋ ಹೆಲ್ಮೆಟ್ಟೂ ಸಿಗಲ್ಲ. ನಿಯಮ ಮಾಡೋ ಮುಂಚೆ ಇದನ್ನು ಹೇಳೋಕೆ ನಮ್ಮಂಥವರಿಗೆ ದಾರಿ ಇತ್ತಾ?

ಉತ್ತರ (ವಕೀಲರು): ಇತ್ತು ಸರ್. ದಾರಿ ಇದೆ ಅಂತ ನಿಮಗೆ ಯಾರೂ ಹೇಳಲಿಲ್ಲ, ಅಷ್ಟೇ.

ಮೋಟಾರು ವಾಹನ ಕಾಯ್ದೆ, 1988ರ 212ನೇ ಕಲಂ ಪ್ರಕಾರ ಈ ಕಾಯ್ದೆಯಡಿ ಯಾವ ನಿಯಮ ಮಾಡುವುದಿದ್ದರೂ ಮೊದಲು ಕರಡು ಪ್ರಕಟಿಸಲೇಬೇಕು. ಕೇಂದ್ರಕ್ಕೂ ರಾಜ್ಯಕ್ಕೂ ಇದು ಒಂದೇ. ನೀವು ಹೇಳುತ್ತಿರುವ ನಿಯಮದ ಕರಡು 2021ರ ಅಕ್ಟೋಬರ್‌ನಲ್ಲಿ ಭಾರತದ ರಾಜಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್‌ನಲ್ಲಿ ಬಂತು. ಅಂತಿಮ ನಿಯಮ 2022ರ ಫೆಬ್ರವರಿ 15ಕ್ಕೆ ಹೊರಬಿತ್ತು, ಒಂದು ವರ್ಷದ ನಂತರ ಜಾರಿಗೆ ಬಂತು. ಆಕ್ಷೇಪಣೆ ಕಳಿಸಲು ಕೊಟ್ಟದ್ದು 30 ದಿನ. ರಾಜಪತ್ರದ ಪ್ರತಿ ಸಾರ್ವಜನಿಕರಿಗೆ ಲಭ್ಯವಾದ ದಿನದಿಂದ ಈ ಲೆಕ್ಕ ಶುರು.

"ಲಭ್ಯ" ಅಂದರೆ ಇ-ಗೆಜೆಟ್ ಜಾಲತಾಣಕ್ಕೆ ಪಿಡಿಎಫ್ ಬೀಳುವುದು. ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಅದರಲ್ಲಿರುವುದಿಲ್ಲ. ಅದನ್ನು ತೆರೆದರೂ, "ಇಂಥ ನಿಯಮದ ಇಂಥ ಉಪನಿಯಮದ ನಂತರ ಈ ಕೆಳಗಿನದನ್ನು ಸೇರಿಸತಕ್ಕದ್ದು" ಎಂಬ ಧಾಟಿಯ ವಾಕ್ಯಗಳೇ ಎದುರಾಗುತ್ತವೆ. ಹಳೆಯ ನಿಯಮವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳದೆ ನನಗೂ ಅರ್ಥವಾಗುವುದಿಲ್ಲ. ಮಗುವನ್ನು ಸ್ಕೂಟರ್‌ನಲ್ಲಿ ಕರೆದೊಯ್ಯುವ ಅಪ್ಪ ಅಮ್ಮಂದಿರು ಅದನ್ನು ಹುಡುಕಿ ಓದಿ 30 ದಿನದೊಳಗೆ ಬರೆಯಬೇಕು ಅನ್ನುವುದು ನ್ಯಾಯವಲ್ಲ.

ಪ್ರಶ್ನೆ: ಮೇಡಂ, ಹಾಗೂ ಹೀಗೂ ಬರೆದು ಕಳಿಸಿದೆವು ಅಂತಿಟ್ಕೊಳ್ಳಿ. ಯಾರಾದರೂ ಓದ್ತಾರಾ?

ಉತ್ತರ: ಕೇಂದ್ರದ ಕಾಯ್ದೆಗಳಿಗೆಲ್ಲ ಸಾಮಾನ್ಯವಾಗಿ ಅನ್ವಯಿಸುವ ಸಾಮಾನ್ಯ ಖಂಡಗಳ ಕಾಯ್ದೆ (ಜನರಲ್ ಕ್ಲಾಸಸ್ ಆಕ್ಟ್), 1897ರ 23ನೇ ಕಲಂ ಪ್ರಕಾರ ಗಡುವಿನೊಳಗೆ ಬಂದ ಆಕ್ಷೇಪಣೆ, ಸಲಹೆಗಳನ್ನು ಸರ್ಕಾರ ಪರಿಗಣಿಸಲೇಬೇಕು. ಪರಿಗಣಿಸಿ ಏನು ತೀರ್ಮಾನಿಸಿದೆವು, ಯಾಕೆ ಎಂದು ತಿಳಿಸಬೇಕು ಅಂತ ಮಾತ್ರ ಅಲ್ಲಿಲ್ಲ. ನನ್ನ ತಕರಾರೆಲ್ಲ ಇರುವುದು ಇಲ್ಲೇ. ಯಾವುದಾದರೂ ಅಂತಿಮ ಅಧಿಸೂಚನೆ ತೆಗೆದು ನೋಡಿ. ಪೀಠಿಕೆಯಲ್ಲಿ "ಸಾರ್ವಜನಿಕರಿಂದ ಬಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಪರಿಗಣಿಸಲಾಗಿದೆ" ಎಂಬರ್ಥದ ಒಂದೇ ಸಾಲು ಇರುತ್ತದೆ. ಎಷ್ಟು ಪತ್ರ ಬಂದವು, ಯಾವ ಸಲಹೆ ಒಪ್ಪಿದರು, ಯಾವುದನ್ನು ಯಾಕೆ ಬಿಟ್ಟರು, ಒಂದೂ ತಿಳಿಯುವುದಿಲ್ಲ. ಸಾಲದ್ದಕ್ಕೆ, ಕರಡು ಪ್ರಕಟಿಸಿಯೇ ನಿಯಮ ಮಾಡಿದ್ದೇವೆ ಎಂದು ರಾಜಪತ್ರದಲ್ಲಿ ಬಂದುಬಿಟ್ಟರೆ, ನಿಯಮ ಕ್ರಮಬದ್ಧವಾಗಿ ಆಗಿದೆ ಎನ್ನುವುದಕ್ಕೆ ಅದೇ ನಿರ್ಣಾಯಕ ಪುರಾವೆ ಎಂದು ಅದೇ 23ನೇ ಕಲಂ ಹೇಳುತ್ತದೆ. ಕೋರ್ಟಿನಲ್ಲಿ ಪ್ರಶ್ನಿಸಲು ಹೊರಟವರಿಗೆ ಇದು ದೊಡ್ಡ ಅಡ್ಡಿ.

ಕಾರುಗಳ ಆರು ಏರ್‌ಬ್ಯಾಗ್ ವಿಷಯ ನೆನಪಿರಬಹುದು. 2022ರ ಜನವರಿ 14ರ ಕರಡಿನಲ್ಲಿ ಆ ವರ್ಷದ ಅಕ್ಟೋಬರ್ 1ರಿಂದ ಕಡ್ಡಾಯ ಎಂದಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಸಾರಿಗೆ ಸಚಿವರು ಜಾಗತಿಕ ಪೂರೈಕೆ ಸರಪಳಿಯ ತೊಂದರೆ ಕಾರಣ ಕೊಟ್ಟು ಒಂದು ವರ್ಷ ಮುಂದೂಡಿದರು. 2023ರಲ್ಲಿ ಕಡ್ಡಾಯ ಮಾಡುವುದಿಲ್ಲ ಎಂದರು. ಆ ನಿರ್ಧಾರ ಸರಿಯೋ ತಪ್ಪೋ, ನಾನು ಆ ಚರ್ಚೆಗೆ ಹೋಗುವುದಿಲ್ಲ. ಕಾರು ತಯಾರಕರು ಏನು ಬರೆದರು, ಅಪಘಾತದ ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ವೈದ್ಯರು ಏನಾದರೂ ಬರೆದರೇ, ಇಲಾಖೆ ಎರಡನ್ನೂ ಹೇಗೆ ತೂಗಿ ನೋಡಿತು ಎನ್ನುವುದನ್ನು ಎಲ್ಲರೂ ಓದುವಂತೆ ಇಡುವ ಬಾಧ್ಯತೆ ಈ ಕಾಯ್ದೆಗಳಲ್ಲಿ ಇಲ್ಲ. ಜೀವ ಉಳಿಸುವ ವಿಷಯದಲ್ಲಾದರೂ ಅದು ಇರಬೇಕು.

ಪ್ರತಿಕ್ರಿಯೆ (ನ್ಯೂಜೆರ್ಸಿಯಲ್ಲಿರುವ ಸದಸ್ಯರು): ಇಲ್ಲಿ ಕರಡಿಗೆ ಬಂದ ಪತ್ರಗಳನ್ನೆಲ್ಲ 'ರೆಗ್ಯುಲೇಷನ್ಸ್ ಡಾಟ್ ಗವ್' ತಾಣದಲ್ಲಿ ಯಾರು ಬೇಕಾದರೂ ಓದಬಹುದು. ನಮ್ಮ ಕಂಪನಿ ಟ್ರಕ್‌ಗಳದ್ದು, ಹಾಗಾಗಿ ನಾನು ಆಗಾಗ ನೋಡ್ತಿರ್ತೀನಿ. ಭಾರತದಲ್ಲಿ ಯಾಕಾಗಲ್ಲ?

ಉತ್ತರ: ಆಗುತ್ತದೆ. ಅಮೆರಿಕದಲ್ಲಿ 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯಿಂದ ಈ ಪದ್ಧತಿ ಬೆಳೆಯಿತು. ಅಂತಿಮ ನಿಯಮದ ಜೊತೆಗೇ ಮುಖ್ಯ ಆಕ್ಷೇಪಣೆಗಳಿಗೆ ಇಲಾಖೆಯ ಉತ್ತರವೂ ಅಚ್ಚಾಗುತ್ತದೆ. ಪತ್ರಗಳು ಕಾಣಿಸುತ್ತವೆ ಅನ್ನುವುದಕ್ಕಿಂತ ನನಗೆ ಇದು ಮುಖ್ಯ.

ಅಲ್ಲಿನ ಸಾರಿಗೆ ಇಲಾಖೆ ಇನ್ನೊಂದು ಪ್ರಯೋಗವನ್ನೂ ಮಾಡಿತು. 2010ರ ಸುಮಾರಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ಜೊತೆ ಸೇರಿ 'ರೆಗ್ಯುಲೇಷನ್ ರೂಮ್' ಎಂಬ ತಾಣದಲ್ಲಿ ಕರಡನ್ನು ಬಿಡಿಬಿಡಿಯಾಗಿ, ತಿಳಿಯಾದ ಭಾಷೆಯಲ್ಲಿ ಇಟ್ಟು, ಎಂಥ ಮಾಹಿತಿ ಕೊಟ್ಟರೆ ಉಪಯೋಗ ಎಂದು ಜನರಿಗೆ ವಿವರಿಸಿದರು. ಟ್ರಕ್, ಬಸ್ ಚಾಲಕರು ಗಾಡಿ ಓಡಿಸುತ್ತಾ ಮೊಬೈಲ್‌ನಲ್ಲಿ ಸಂದೇಶ ಕಳಿಸುವುದರ ನಿಷೇಧದ ಕರಡು ಆ ತಾಣದಲ್ಲಿ ಮೊದಲು ಚರ್ಚೆಗೆ ಬಂತು, ಆಮೇಲೆ ವಿಮಾನ ಪ್ರಯಾಣಿಕರ ಹಕ್ಕುಗಳು. ಎರಡನೆಯದರಲ್ಲಿ, ಅಲರ್ಜಿ ಇರುವವರಿಗಾಗಿ ವಿಮಾನದಲ್ಲಿ ಕಡಲೆಬೀಜ ಕೊಡುವುದನ್ನು ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ ಜನ ಮುಗಿಬಿದ್ದು ಬರೆದರು. ಇಲಾಖೆ ಆ ಪ್ರಸ್ತಾವ ಕೈಬಿಟ್ಟಿತು. ವೈಜ್ಞಾನಿಕ ಅಧ್ಯಯನವಿಲ್ಲದೆ ಅಂಥ ನಿರ್ಬಂಧ ಹಾಕದಂತೆ ಅಲ್ಲಿನ ಸಂಸತ್ತು ಮೊದಲೇ ಕಾನೂನಿನಲ್ಲಿ ತಡೆದಿದೆ ಎಂಬ ಕಾರಣವನ್ನೂ ಹೇಳಿತು. ಬರೆದವರಲ್ಲಿ ಅನೇಕರಿಗೆ ನಿರಾಸೆ ಆಗಿರಬಹುದು, ಆದರೆ ಯಾಕೆ ಆಗಲಿಲ್ಲ ಅನ್ನುವುದಾದರೂ ತಿಳಿಯಿತು.

ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರು ಕಟ್ಟುವ ಬಳಕೆದಾರರ ಅಭಿವೃದ್ಧಿ ಶುಲ್ಕ ತೀರ್ಮಾನಿಸುವುದು ವಿಮಾನ ನಿಲ್ದಾಣ ಆರ್ಥಿಕ ನಿಯಂತ್ರಣ ಪ್ರಾಧಿಕಾರ. ಎಲ್ಲರೊಡನೆ ಸಮಾಲೋಚಿಸಬೇಕು, ಪ್ರತಿ ನಿರ್ಧಾರವನ್ನೂ ದಾಖಲಿಸಿ ವಿವರಿಸಬೇಕು ಎಂದು 2008ರ ಅದರ ಕಾಯ್ದೆಯಲ್ಲೇ ಇದೆ. ಮೊಬೈಲ್ ಕರೆ ಮಧ್ಯದಲ್ಲೇ ಕಡಿದುಹೋದರೆ (ಕಾಲ್ ಡ್ರಾಪ್) ಗ್ರಾಹಕರಿಗೆ ಕೊಡಬೇಕಾದ ಪರಿಹಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಅಮೆರಿಕದ ಮಾದರಿಯ ಕಾನೂನನ್ನು ಸಂಸತ್ತು ಯೋಚಿಸಬೇಕು ಎಂದೂ ಹೇಳಿತು. ವಿಮಾನದಲ್ಲಿ ಹೋಗುವವರಿಗೆ ಕಾನೂನಿನಲ್ಲೇ ಸಿಕ್ಕಿದ ವಿವರಣೆ ಸ್ಕೂಟರ್‌ನಲ್ಲಿ ಹೋಗುವವರಿಗೆ ಯಾಕೆ ಸಿಗಬಾರದು?

ನನ್ನನ್ನು ಕೇಳಿದರೆ ಸಾರಿಗೆ ಇಲಾಖೆ ನಾಳೆಯಿಂದಲೇ ಕೆಲವು ಕೆಲಸ ಶುರುಮಾಡಬಹುದು. ಪ್ರತಿ ಕರಡಿಗೂ ಎರಡು ಪುಟದ ಕನ್ನಡ ಸಾರಾಂಶ ಬರೆದು ಆರ್‌ಟಿಒ ಕಚೇರಿಗಳ ಸೂಚನಾ ಫಲಕಕ್ಕೆ ಹಾಕಲಿ. ಹಳೆಯ ನಿಯಮ, ಹೊಸ ನಿಯಮ ಅಕ್ಕಪಕ್ಕ ತೋರಿಸಲಿ. ಬಂದ ಪತ್ರಗಳನ್ನು ವಿಳಾಸ, ಫೋನ್ ನಂಬರ್ ಅಳಿಸಿ ತಾಣಕ್ಕೆ ಏರಿಸಲಿ. ಕೊನೆಗೆ ಆಕ್ಷೇಪಣೆ, ತೀರ್ಮಾನ, ಕಾರಣ ಇರುವ ಒಂದು ಕೋಷ್ಟಕ ಕೊಡಲಿ. ಪರಿಗಣಿಸಿದ್ದೇವೆ ಎಂದು ಸಹಿ ಹಾಕುವ ಮೊದಲು ಕಡತದಲ್ಲಿ ಹೇಗೂ ಈ ಕೆಲಸ ಆಗಿರಬೇಕು ತಾನೇ? ಅದನ್ನು ಹೊರಗಿಡಲು ಹೊಸ ಕಾಯ್ದೆ ಬೇಕಿಲ್ಲ. ಬಂದ ಅಭಿಪ್ರಾಯಗಳ ಸಾರಾಂಶವನ್ನು ತಾಣದಲ್ಲಿ ಹಾಕಬೇಕು ಎಂದು ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿಯೂ (ಕಾನೂನು ಮಾಡುವ ಮೊದಲು ಜನರ ಅಭಿಪ್ರಾಯ ಕೇಳುವ ನೀತಿ) ಹೇಳುತ್ತದೆ. ಅದು ನೀತಿ ಮಾತ್ರ, ಕಾನೂನಲ್ಲ.

ಪ್ರಶ್ನೆ (ಮೊದಲು ಕೇಳಿದವರು): ತುಂಬಾ ಥ್ಯಾಂಕ್ಸ್ ಮೇಡಂ. ನನ್ನ ವಿಷಯದಲ್ಲಿ ಗಡುವು ಮುಗಿದೇ ಹೋಗಿದೆ. ಈಗ ಏನೂ ಮಾಡೋಕಾಗಲ್ವಾ?

ಉತ್ತರ: ಆಗುತ್ತದೆ. ಮಗಳಿಗೆ ಹೆಲ್ಮೆಟ್, ಬೆಲ್ಟು ಎಲ್ಲಿಂದಾದರೂ ತರಿಸಿಕೊಳ್ಳಿ. ಅವಳ ಸುರಕ್ಷತೆ ಮೊದಲು, ಉಳಿದದ್ದು ಆಮೇಲೆ.

ಜೊತೆಗೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ಒಂದು ಆರ್‌ಟಿಐ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಲ್ಲಿ, ಜನರಿಗೆ ತಟ್ಟುವ ನಿರ್ಧಾರದ ಸಂಗತಿಗಳನ್ನು ಪ್ರಕಟಿಸಬೇಕು, ಬಾಧಿತರಿಗೆ ಕಾರಣ ಕೊಡಬೇಕು ಎಂದಿದೆ. ಅದನ್ನು ಉಲ್ಲೇಖಿಸಿ ಕರಡಿಗೆ ಬಂದ ಆಕ್ಷೇಪಣೆಗಳ ಪ್ರತಿ ಮತ್ತು ಅವುಗಳ ಬಗ್ಗೆ ಕಡತದಲ್ಲಿ ಬರೆದ ಟಿಪ್ಪಣಿಗಳನ್ನು ಕೇಳಿ. "ನಿಯಮ ಯಾಕೆ ಮಾಡಿದಿರಿ" ಅಂತ ಕೇಳಬೇಡಿ, ದಾಖಲೆ ಕೇಳಿ. ಉತ್ತರಕ್ಕೆ 30 ದಿನ. ಮುಂದೆ ರಾಜ್ಯದ ಇಲಾಖೆಗೆ ಹಾಕುವುದಾದರೆ ಒಂದೇ ವಿಷಯ, 150 ಪದ ಮೀರದಂತೆ ಬರೆಯಿರಿ, ಕರ್ನಾಟಕದ ನಿಯಮ ಹಾಗಿದೆ.

ಇನ್ನೊಂದು ಬಾಗಿಲೂ ಇದೆ. ಕೇಂದ್ರದ ನಿಯಮಗಳನ್ನು ಸಂಸತ್ತಿನ ಮುಂದೆ ಇಡಬೇಕು, ಸಂಸತ್ತು ಅವನ್ನು ಬದಲಿಸಬಹುದು, ರದ್ದು ಮಾಡಲೂಬಹುದು. ಸರ್ಕಾರ ಮಾಡುವ ಇಂಥ ನಿಯಮಗಳನ್ನು ಪರಿಶೀಲಿಸಲು ಎರಡೂ ಸದನಗಳಲ್ಲಿ ಅಧೀನ ಶಾಸನ ಸಮಿತಿಗಳಿವೆ. ಆ ಸಮಿತಿಗೂ ನಿಮ್ಮ ಸಂಸದರಿಗೂ ಪತ್ರ ಬರೆಯಿರಿ. "ಜನರಿಗೆ ತೊಂದರೆಯಾಗುತ್ತಿದೆ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ನಿಯಮದ ಸಂಖ್ಯೆ, ನೀವು ವಿಚಾರಿಸಿದ ಅಂಗಡಿಗಳ ವಿವರ, ಬೆಲ್ಟಿನ ಬೆಲೆ, ಯಾವ ಊರಿನಿಂದ ತರಿಸಬೇಕಾಯಿತು ಎಲ್ಲ ಬರೆದು, ಏನು ಬದಲಾವಣೆ ಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ. ಕರಡು ಹಾಕುವಾಗ ನಿಮ್ಮನ್ನು ಗೆಜೆಟ್ ಬಿಟ್ಟು ಬೇರೆ ಯಾವ ರೀತಿಯಲ್ಲೂ ತಲುಪಲಿಲ್ಲ ಎನ್ನುವುದನ್ನೂ ಸೇರಿಸಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ. ಆರ್‌ಟಿಐ ಉತ್ತರ ಬಂದ ಕೂಡಲೇ ಇಲ್ಲಿ ಹಾಕಿ, ಮೇಲ್ಮನವಿ ಬೇಕಾದರೆ ನಾನು ಬರೆದುಕೊಡುತ್ತೇನೆ.